ಪ್ರತಿಕ್ರಿಯೆ: ಆಸ್ಪತ್ರೆಯಲ್ಲಿ 320, ಮನೆಯಲ್ಲಿ 190, ಯಾವುದನ್ನು ನಂಬುವುದು?

ಬೆಳಿಗ್ಗೆ ಪಶುವೈದ್ಯರಲ್ಲಿ 320 ಇದ್ದ ನಿಮ್ಮ ಮಧುಮೇಹಿ ಬೆಕ್ಕಿನ ರಕ್ತದ ಸಕ್ಕರೆ ಸಂಜೆ ಮನೆಯಲ್ಲಿ 190 ಬಂದಿದೆ, ಇನ್ಸುಲಿನ್ ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. ಈ ಎರಡು ಅಂಕಿಗಳನ್ನು ನೋಡಿ ನೀವಾಗಿಯೇ ಹೆಚ್ಚಿಸಬೇಡಿ. ಹೆದರಿದ ಬೆಕ್ಕಿನ ಸಕ್ಕರೆ ಮಧುಮೇಹವಿಲ್ಲದಿದ್ದರೂ ಏರುತ್ತದೆ, ದಾವಣಗೆರೆಯ ಪಿ.ಬಿ. ರಸ್ತೆಯ ಹಾರ್ನ್‌ಗಳ ನಡುವೆ ಆಟೋದಲ್ಲಿ ಹೋಗಿ, ನಾಯಿಗಳ ಬೊಗಳುವಿಕೆ ಕೇಳುತ್ತಾ ಕಾದ ನಮ್ಮ ಬೆಕ್ಕಿನಲ್ಲೂ ಇದನ್ನೇ ಕಂಡಿದ್ದೇನೆ. ಜೊತೆಗೆ, ಮನುಷ್ಯರ ಗ್ಲುಕೋಮೀಟರ್ (ಸಕ್ಕರೆ ಅಳೆಯುವ ಮೀಟರ್) ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುವುದರಿಂದ, ನಿಮ್ಮದು ಯಾವ ಮೀಟರ್ ಎಂಬುದನ್ನು ವೈದ್ಯರಿಗೆ ತಿಳಿಸಿ, ಸದಾ ಅದೊಂದನ್ನೇ ಬಳಸಿ.

ವೈದ್ಯರಿಗೆ ನಿಜಕ್ಕೂ ನೆರವಾಗುವುದು ಇಡೀ ದಿನದ ಏರಿಳಿತದ ದಾಖಲೆ. ಬೆಳಗಿನ ಊಟ ಮತ್ತು ಇನ್ಸುಲಿನ್‌ಗೆ ಮುನ್ನ ಒಮ್ಮೆ, ಆಮೇಲೆ ಮುಂದಿನ ಚುಚ್ಚುಮದ್ದಿನವರೆಗೆ ಎರಡು ಗಂಟೆಗೊಮ್ಮೆ ನೋಡಿ, ಸಮಯದೊಂದಿಗೆ ಬರೆದಿಡಿ. ಅತಿ ಕೆಳಗಿನ ಅಂಕಿ ಎಷ್ಟು, ಎಷ್ಟು ಹೊತ್ತಿಗೆ ಬಂತು ಎಂಬುದರ ಮೇಲೆಯೇ ಪ್ರಮಾಣ ನಿರ್ಧಾರವಾಗುತ್ತದೆ.

ರಕ್ತ ತೆಗೆಯುವ ಮುನ್ನ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಅರ್ಧ ನಿಮಿಷ ಒತ್ತಿ, ತೇವ ಪೂರ್ತಿ ಒರೆಸಿ, ತೆಳುವಾಗಿ ವ್ಯಾಸಲೀನ್ ಸವರಿದರೆ ಹನಿ ಕೂದಲಿಗೆ ಹರಡದೆ ಮಣಿಯಂತೆ ನಿಲ್ಲುತ್ತದೆ. ಕಿವಿಯ ಹಿಂದೆ ಹತ್ತಿ ಹಿಡಿದು ಅಂಚಿನಲ್ಲಿ ಚುಚ್ಚಿ. (ಮೊದಲ ವಾರ ನಾನು ಬೆಕ್ಕಿಗಿಂತ ಹೆಚ್ಚಾಗಿ ನನ್ನ ಬೆರಳನ್ನೇ ಚುಚ್ಚಿಕೊಂಡಿದ್ದೆ.) ನಮ್ಮ ಊರಿನ ಬೇಸಿಗೆಯಲ್ಲಿ ಮೀಟರ್‌ಗೆ ಹಾಕುವ ಸ್ಟ್ರಿಪ್‌ಗಳ ಡಬ್ಬಿಯನ್ನು ಕಿಟಕಿಯ ಬಳಿ ಇಡಬೇಡಿ, ಬಿಸಿಗೆ ಅವು ಕೆಡುತ್ತವೆ.

ಅಂಕಿ 60ರ ಸುತ್ತ ಇಳಿದು ಬೆಕ್ಕು ತೂರಾಡಿದರೆ ಒಸಡಿಗೆ ಸ್ವಲ್ಪ ಜೇನುತುಪ್ಪ ಸವರಿ, ತಕ್ಷಣ ವೈದ್ಯರಿಗೆ ಕರೆ ಮಾಡಿ.