ಜರ್ಮನ್‌ನ ‘ಲಸ್ಸನ್’: ಬಿಡುವುದಾ, ಮಾಡಿಸುವುದಾ?

ಜರ್ಮನ್ ಕ್ರಿಯಾಪದ ‘ಲಸ್ಸನ್’ ಬಂದಾಗ ‘ಬಿಡು’ ಅನ್ನಬೇಕಾ, ‘ಮಾಡಿಸು’ ಅನ್ನಬೇಕಾ ಎಂದು ಕೇಳಿದ್ದೀರಿ. ‘ಇಷ್ ಲಸ್ಸೆ ಮೈನ್ ಔಟೊ ರೆಪರೀರನ್’ ಎಂಬುದು ನಿಮಗೆ ‘ಕಾರನ್ನು ರಿಪೇರಿ ಮಾಡಲು ಬಿಡುತ್ತೇನೆ’ ಎಂದು ಬರುತ್ತಿರುವುದು, ಬಹುಶಃ ಇಂಗ್ಲಿಷಿನ ‘ಲೆಟ್’ ಹಿಡಿದುಕೊಂಡಿರುವುದರಿಂದ. ‘ಲೆಟ್’, ‘ಲಸ್ಸನ್’ ಎರಡೂ ಒಂದೇ ಬೇರಿನವು, ನಿಜ. ಹಳೆಯ ಜರ್ಮನ್‌ನಲ್ಲಿ ‘ಲಸ್ಸನ್’ ಅನ್ನುವುದು ‘ಲಾಝನ್’. ಮೂಲ ಅರ್ಥ ಹಿಡಿತ ಸಡಿಲಿಸುವುದು. ಆದರೆ ಜರ್ಮನ್‌ನಲ್ಲಿ ಅರ್ಥ ಜಾಸ್ತಿ ಹರಡಿದೆ.

ಮೊದಲು ವಾಕ್ಯದಲ್ಲಿ ಇನ್ನೊಂದು ಕ್ರಿಯಾಪದ ಇದೆಯಾ ನೋಡಿ. ಇಲ್ಲದಿದ್ದರೆ ಸಾಮಾನ್ಯವಾಗಿ ‘ಬಿಟ್ಟುಬಿಡು’: ಪುಸ್ತಕ ಮನೆಯಲ್ಲೇ ಬಿಟ್ಟೆ ಅನ್ನುವ ಹಾಗೆ. ಇದ್ದರೆ, ಕೆಲಸ ಮಾಡುವವರು ಯಾರು ಎಂದು ಕೇಳಿಕೊಳ್ಳಿ. ಕಾರನ್ನು ಬೇರೆಯವರು ರಿಪೇರಿ ಮಾಡುತ್ತಾರೆ, ಅಲ್ವಾ? ಹಾಗಾಗಿ ‘ಮಾಡಿಸುತ್ತೇನೆ’. ನಮ್ಮ ‘-ಇಸು’ ಇಲ್ಲಿ ಸೊಗಸಾಗಿ ಕೂರುತ್ತದೆ. ಇಂಗ್ಲಿಷಿಗಿಂತ ಕನ್ನಡದಿಂದ ಹೋದರೆ ದಾರಿ ಸುಲಭ.

‘ಎರ್ ಲೆಸ್ಟ್ ದೀ ಕಿಂಡರ್ ಝಿಂಗನ್’ (‘ಲೆಸ್ಟ್’ ಕೂಡ ‘ಲಸ್ಸನ್’ನದೇ ರೂಪ) ಮಾತ್ರ ಎರಡೂ ಆಗಬಹುದು: ಮಕ್ಕಳನ್ನು ಹಾಡಲು ಬಿಡುತ್ತಾನೆ, ಇಲ್ಲವೇ ಹಾಡಿಸುತ್ತಾನೆ. ಹಿಂದುಮುಂದಿನ ವಾಕ್ಯ ನೋಡಿಯೇ ಹೇಳಬೇಕು.

‘ಝಿಷ್’ ಜೊತೆ ಬಂದಾಗ ಅರ್ಥ ಬೇರೆ: ‘ದಸ್ ಲೆಸ್ಟ್ ಝಿಷ್ ಮಾಖನ್’ ಎಂದರೆ ‘ಅದನ್ನು ಮಾಡಬಹುದು’. ಭೂತಕಾಲದಲ್ಲಿ ‘ಕಾರು ರಿಪೇರಿ ಮಾಡಿಸಿದ್ದೇನೆ’ ಅನ್ನಲು ಕೊನೆಯಲ್ಲಿ ‘ರೆಪರೀರನ್ ಲಸ್ಸನ್’ ಎಂದೇ ಬರೆಯಿರಿ, ಅದರ ಮಾಮೂಲಿ ಭೂತರೂಪ ‘ಗೆಲಸ್ಸನ್’ ಬೇಡ.