ಅಪಾರ್ಟ್‌ಮೆಂಟಿನ ಹಿರಿಯರಿಗೆ ತಾರಸಿ ತೋಟ: ತಮ್ಮ ಪ್ರಶ್ನೆಗೆ ಉತ್ತರ

ನಮಸ್ಕಾರ. ಊರು ಬಿಟ್ಟು ಮಕ್ಕಳ ಮನೆಗೆ ಬಂದು ನೆಲೆಸಿದ ಹಿರಿಯರು ಬೆಂಗಳೂರಿನ ತಮ್ಮ ಅಪಾರ್ಟ್‌ಮೆಂಟಿನಲ್ಲಿ ಹಲವರಿದ್ದಾರೆ, ತಾರಸಿಯ ಒಂದು ಭಾಗವನ್ನೂ ಸ್ವಲ್ಪ ಹಣವನ್ನೂ ಕೊಡಲು ಸಂಘ ಒಪ್ಪಿದೆ, ಅವರಿಗಾಗಿ ಏನು ಮಾಡಬಹುದು ಎಂದು ತಾವು ಕೇಳಿದ್ದೀರಿ. ಈಗಾಗಲೇ ಕೆಲವರು ಯೋಗ ತರಗತಿ, ತಂಬೋಲ, ಭಜನೆ ಎಂದೆಲ್ಲ ಸೂಚಿಸಿದ್ದಾರೆ. ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೊಲ ಗದ್ದೆ ನೋಡಿಕೊಂಡವರಿಗೆ, ನಾಲ್ಕು ದಶಕ ಶಾಲೆಯನ್ನೋ ಕಚೇರಿಯನ್ನೋ ನಡೆಸಿದವರಿಗೆ ಕಾಲಕ್ಷೇಪಕ್ಕಿಂತ ಹೆಚ್ಚಾಗಿ ಬೇಕಿರುವುದು ತಾವು ಹೋಗದಿದ್ದರೆ ನಿಂತುಹೋಗುವಂಥ ಒಂದು ಕೆಲಸ ಎಂಬುದು ನನ್ನ ಅಭಿಪ್ರಾಯ. ಸೊಪ್ಪಿನ ಮಡಿ ಅಂಥ ಕೆಲಸ ಕೊಡುತ್ತದೆ.

ಮೊದಲು ತಾರಸಿಯ ಭಾರದ ವಿಷಯ, ಏಕೆಂದರೆ ಉತ್ಸಾಹದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ನೀರು ಕುಡಿದ ಕೆಂಪುಮಣ್ಣು ಒಂದು ಘನ ಅಡಿಗೆ ಸುಮಾರು 50 ಕಿಲೋ ತೂಗುತ್ತದೆ. ಹತ್ತು ಅಡಿ ಉದ್ದ, ಮೂರು ಅಡಿ ಅಗಲ, ಒಂದು ಅಡಿ ಆಳದ ಒಂದೇ ಒಂದು ಮಡಿ ಕಟ್ಟಿದರೂ ಸುಮಾರು 1,500 ಕಿಲೋ ಆಯಿತು. ಜನ ಓಡಾಡುವ ತಾರಸಿಗೆ ವಿನ್ಯಾಸದಲ್ಲಿ ಹಿಡಿಯುವ ಹೊರೆ ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಆಸುಪಾಸು ಇರುವುದರಿಂದ ಇದು ಅದರ ಮೂರು ಪಟ್ಟನ್ನೂ ಮೀರುತ್ತದೆ. ಆದ್ದರಿಂದ ಇಟ್ಟಿಗೆ ಕಟ್ಟಿ ಮಣ್ಣು ತುಂಬುವ ಯೋಚನೆಯನ್ನು ಕೈಬಿಟ್ಟು, ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ಹೆಚ್ಚಾಗಿರುವ ಹಗುರ ಮಿಶ್ರಣವನ್ನು ಆರೆಂಟು ಅಂಗುಲ ಆಳದ ಟ್ರೇಗಳಲ್ಲಿ ತುಂಬಿ, ಅವುಗಳನ್ನು ತೊಲೆ ಮತ್ತು ಕಂಬಗಳಿರುವ ಅಂಚಿನ ಕಡೆಗೆ ಇಡುವುದು ಲೇಸು. ಹಾಗಿದ್ದರೂ ಕಟ್ಟಡದ ನಕ್ಷೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ.

ಟ್ರೇಗಳನ್ನು ನೆಲದ ಮೇಲಿಡದೆ ಸುಮಾರು ಎರಡೂವರೆ ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡಬೇಕು. ಮಂಡಿನೋವಿನವರು ಬಗ್ಗಿ ಕಳೆ ಕೀಳಲಾರರು, ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತರೆ ಏಳಲು ಇನ್ನೊಬ್ಬರ ಕೈ ಬೇಕು. ಒಂದೆರಡು ಸ್ಟ್ಯಾಂಡುಗಳ ಕೆಳಗೆ ಅಡ್ಡಪಟ್ಟಿ ಇಲ್ಲದಂತೆ ಮಾಡಿಸಿದರೆ ಗಾಲಿಕುರ್ಚಿಯವರೂ ಮೊಣಕಾಲು ಒಳಗೆ ಚಾಚಿ ಕೆಲಸ ಮಾಡಬಹುದು. ಮಳೆಗಾಲದಲ್ಲಿ ತಾರಸಿಯ ಮೇಲೆ ಕಟ್ಟುವ ಪಾಚಿಯನ್ನು ವಾರಕ್ಕೊಮ್ಮೆ ಉಜ್ಜಿಸುವುದನ್ನೂ, ನೀರಿನ ಪೈಪು ನಡೆಯುವ ದಾರಿಗೆ ಅಡ್ಡ ಬೀಳದಂತೆ ಗೋಡೆಯ ಮೇಲೆ ಹಾಯಿಸುವುದನ್ನೂ ದಯವಿಟ್ಟು ನಾಳೆಗೆ ಹಾಕಬೇಡಿ. ಈ ವಯಸ್ಸಿನಲ್ಲಿ ಒಮ್ಮೆ ಜಾರಿ ಬಿದ್ದರೆ ತೋಟ ಮಾತ್ರವಲ್ಲ, ನಡಿಗೆಯೇ ನಿಂತುಹೋಗಬಹುದು.

ಏನು ಬೆಳೆಯಬೇಕು ಎಂಬುದನ್ನು ಹಿರಿಯರೇ ತೀರ್ಮಾನಿಸಲಿ, ಆದರೆ ಆರಂಭ ಸೊಪ್ಪಿನಿಂದಲೇ ಆಗಲಿ. ಮೆಂತ್ಯ ಮೂರು ನಾಲ್ಕು ದಿನಕ್ಕೆ ಮೊಳೆತು ಒಂದು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ, ದಂಟು ಮತ್ತು ಹರಿವೆ ಕೂಡ ಹೆಚ್ಚುಕಡಿಮೆ ಅಷ್ಟೇ. ಜೋರು ಮಳೆಯಲ್ಲಿ ಕೊತ್ತಂಬರಿ, ಮೆಂತ್ಯ ಕೊಳೆಯುವುದರಿಂದ ಆ ತಿಂಗಳುಗಳಲ್ಲಿ ಬಸಳೆ, ಒಂದೆಲಗ, ದೊಡ್ಡಪತ್ರೆ, ಚಕ್ರಮುನಿಗಳನ್ನು ನೆಚ್ಚಿಕೊಳ್ಳಿ. ಕೊತ್ತಂಬರಿ ಬೀಜವನ್ನು ಇಡಿಯಾಗಿ ಚೆಲ್ಲಿ, ಹುಟ್ಟಲಿಲ್ಲ ಎಂದು ಗುಂಪಿನಲ್ಲಿ ದೂರುವ ಯುವಕರಿಗೆ ಲೆಕ್ಕವಿಲ್ಲ. ಬಯಲುಸೀಮೆಯ ಅಜ್ಜಿಯೊಬ್ಬರ ಕೈಗೆ ಅದನ್ನು ಕೊಟ್ಟು ನೋಡಿ: ನೆಲದ ಮೇಲೆ ತೆಳುವಾಗಿ ಹರಡಿ, ಮರದ ಹಲಗೆಯ ತುಂಡಿನಿಂದ ಹಗುರವಾಗಿ ಒತ್ತಿ ಉರುಳಿಸುತ್ತಾರೆ, ಕಾಳು ಪುಡಿಯಾಗದೆ ಎರಡು ಹೋಳಾಗಿ ಬಿಡಿಸಿಕೊಳ್ಳುತ್ತದೆ, ಮೊರದಲ್ಲಿ ಕೇರಿ ಹೊಟ್ಟು ತೆಗೆದು, ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತುತ್ತಾರೆ. ಕಾರ್ಯಾಗಾರಕ್ಕೆ ಹೊರಗಿನಿಂದ ತಜ್ಞರನ್ನು ಕರೆಸುವ ಮುನ್ನ, ಇಂಥ ತಿಳಿವಳಿಕೆ ನಿಮ್ಮ ಲಿಫ್ಟಿನಲ್ಲೇ ದಿನಾ ಮೇಲೆ ಕೆಳಗೆ ಓಡಾಡುತ್ತಿರಬಹುದೇ ಎಂದು ವಿಚಾರಿಸಿ.

ನೀರಿನ ಬಗ್ಗೆ ಒಂದು ಎಚ್ಚರಿಕೆ. ಎಸ್‌ಟಿಪಿಯಿಂದ, ಅಂದರೆ ಅಪಾರ್ಟ್‌ಮೆಂಟಿನ ಕೊಳಚೆನೀರು ಶುದ್ಧೀಕರಣ ಘಟಕದಿಂದ, ಬರುವ ನೀರು ಹೂಗಿಡ, ಹುಲ್ಲುಹಾಸಿಗೆ ಸರಿಯೇ ಹೊರತು ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಗೊಬ್ಬರಕ್ಕೆ ಅಪಾರ್ಟ್‌ಮೆಂಟಿನ ಹಸಿಕಸವೇ ಸಾಕು. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಬರುವ ಸಮುಚ್ಚಯಗಳು ಹಸಿಕಸವನ್ನು ಸಾಧ್ಯವಾದಷ್ಟು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂಬ ನಿಯಮ ಹೇಗೂ ಇದೆ. ಕಾಂಪೋಸ್ಟ್ ನಾರುತ್ತಿದೆ ಎಂದರೆ ಗಾಳಿ ಸಾಲದು, ತೇವ ಹೆಚ್ಚಾಗಿದೆ ಎಂದರ್ಥ. ಒಣ ಎಲೆ ಬೆರೆಸಿ ತಿರುವಿ ಹಾಕಿದರೆ ಸರಿಹೋಗುತ್ತದೆ. ಒಣಗಿದ ಗೊಬ್ಬರ ಜರಡಿ ಹಿಡಿಯುವ ಕೆಲಸವನ್ನು ಆಸ್ತಮಾ ಇರುವವರಿಗೆ ವಹಿಸಬೇಡಿ, ಬೇರೆಯವರೂ ಮಾಸ್ಕ್ ಧರಿಸಲಿ.

ಬೀಜ, ಸಸಿಗಳಿಗೆ ಲಾಲ್‌ಬಾಗಿನ ನರ್ಸರಿಯೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಇವೆ. ಅಲ್ಲಿಯ ಅರ್ಕಾ ಅನಾಮಿಕಾ ಬೆಂಡೆ ಹಳದಿ ನಂಜು ರೋಗವನ್ನು ತಡೆದುಕೊಳ್ಳುತ್ತದೆ, ಬೀಜವನ್ನೂ ಉಳಿಸಿಕೊಳ್ಳಬಹುದು. ಅರ್ಕಾ ರಕ್ಷಕ್ ಟೊಮೆಟೊ ಒಳ್ಳೆಯದೇ, ಆದರೆ ಅದು ಹೈಬ್ರಿಡ್ ಆದ್ದರಿಂದ ಪ್ರತಿ ಸಲವೂ ಹೊಸ ಬೀಜ ಕೊಳ್ಳಬೇಕಾಗುತ್ತದೆ. ಬೆಂಗಳೂರಿನ ತಾರಸಿ ತೋಟಗಾರರು ‘ಊಟ ಫ್ರಮ್ ಯುವರ್ ತೋಟ’ ಎಂಬ ಹೆಸರಿನಲ್ಲಿ ನಗರದ ಬೇರೆ ಬೇರೆ ಬಡಾವಣೆಗಳಲ್ಲಿ ಸಂತೆ ನಡೆಸುತ್ತ ಬಂದಿದ್ದಾರೆ. ತಮ್ಮ ಕಡೆ ನಡೆದಾಗ ಹಿರಿಯರನ್ನು ಕರೆದೊಯ್ಯಿರಿ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳ ಸಾಮಾನ್ಯವಾಗಿ ನವೆಂಬರಿನಲ್ಲಿ ಇರುತ್ತದೆ, ಕೃಷಿ ಬಿಟ್ಟು ಬಂದವರಿಗೆ ಅದಕ್ಕಿಂತ ಖುಷಿಯ ಪ್ರವಾಸ ಇನ್ನೊಂದಿಲ್ಲ. ಜನವರಿ ಮತ್ತು ಆಗಸ್ಟಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ವಾರದ ನಡುವಿನ ಬೆಳಿಗ್ಗೆ ಹೋಗಿ, ರಜಾದಿನದ ನೂಕುನುಗ್ಗಲಿನಲ್ಲಿ ವಯಸ್ಸಾದವರನ್ನು ನಿಲ್ಲಿಸಬಾರದು. ಹಸಿರು ಮಾರ್ಗದ ಮೆಟ್ರೊ ಲಾಲ್‌ಬಾಗಿನ ಪಕ್ಕಕ್ಕೇ ಇಳಿಸುತ್ತದೆ.

ಮಣ್ಣು ಮುಟ್ಟಲು ಮನಸ್ಸಿಲ್ಲದವರೂ ಇರುತ್ತಾರೆ, ಅವರನ್ನು ಒತ್ತಾಯಿಸಬೇಡಿ. ಬಸವನಗುಡಿಯಲ್ಲಿ 1945ರಿಂದ ಇರುವ ವಿಶ್ವ ಸಂಸ್ಕೃತಿ ಸಂಸ್ಥೆ, ನರಸಿಂಹರಾಜ ಕಾಲೋನಿಯಲ್ಲಿ ಡಿವಿಜಿಯವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಇವೆರಡೂ ಉಪನ್ಯಾಸಗಳಿಗೆ ಹೆಸರಾದವು. ತಾವು ಇರುವುದು ದೂರದ ವೈಟ್‌ಫೀಲ್ಡ್ ಕಡೆಯಾದರೆ ಹತ್ತಿರದ ಸಾರ್ವಜನಿಕ ಗ್ರಂಥಾಲಯದ ಶಾಖೆಯಿಂದಲೇ ಆರಂಭಿಸುವುದು ಮೇಲು. ಅರವತ್ತು ದಾಟಿದವರಿಗೆಲ್ಲ ಸೇವಾ ಸಿಂಧು ಮೂಲಕ ಹಿರಿಯ ನಾಗರಿಕರ ಗುರುತಿನ ಚೀಟಿ ಮಾಡಿಸಿಕೊಡುವ ಕೆಲಸವನ್ನು ಅಪಾರ್ಟ್‌ಮೆಂಟಿನ ಕಾಲೇಜು ಮಕ್ಕಳು ಒಂದು ಭಾನುವಾರ ಕುಳಿತು ಮಾಡಬಹುದು. ಸರ್ಕಾರಿ ಬಸ್ಸಿನಲ್ಲಿ ಶೇ 25 ರಿಯಾಯಿತಿ ಸಿಗುತ್ತದೆ, ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದ್ದೇ ಇದೆ. ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ 1090 ಮತ್ತು ರಾಷ್ಟ್ರೀಯ ಸಹಾಯವಾಣಿ 14567, ಈ ಎರಡೂ ಸಂಖ್ಯೆಗಳನ್ನು ಲಿಫ್ಟಿನ ಒಳಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿ.

ಕೊನೆಯದಾಗಿ, ತಾರಸಿ ಎಲ್ಲ ಮಾಲೀಕರಿಗೂ ಸೇರಿದ ಜಾಗವಾದ್ದರಿಂದ ಸಂಘದ ಅಧ್ಯಕ್ಷರ ಬಾಯಿಮಾತಿನ ಒಪ್ಪಿಗೆಯನ್ನು ನಂಬಬೇಡಿ, ಮುಂದಿನ ಸಮಿತಿ ಬಂದಾಗ ಸೋರಿಕೆಯ ನೆಪದಲ್ಲಿ ಟ್ರೇಗಳನ್ನೆಲ್ಲ ಕೆಳಗಿಳಿಸುತ್ತಾರೆ. ಸರ್ವಸದಸ್ಯರ ಸಭೆಯಲ್ಲಿ ನಿರ್ಣಯ ಮಾಡಿಸಿ, ಜಾಗದ ಅಳತೆ ಮತ್ತು ವೇಳೆಯನ್ನು ನಡಾವಳಿಯಲ್ಲಿ ಬರೆಸಿ. ತಾರಸಿಯ ಬೀಗದ ಕೈ ಸೆಕ್ಯುರಿಟಿಯವರ ಬಳಿ ಮಾತ್ರ ಇದ್ದರೆ ಬೆಳಗಿನ ಏಳು ಗಂಟೆಗೆ ಬಂದವರು ಬಾಗಿಲಲ್ಲೇ ಕಾಯಬೇಕಾಗುತ್ತದೆ. ಇನ್ನೊಂದು ಕೈಯನ್ನು ಹಿರಿಯರಲ್ಲಿ ಒಬ್ಬರ ವಶಕ್ಕೇ ಕೊಡಿಸಿ.