‘ಬೇಡ’ ಎನ್ನುವ ಅಧಿಕಾರ ಯಂತ್ರಕ್ಕೆ ಬೇಡ

ಪ್ರಶ್ನೆ: ಮಧ್ಯಮ ಗಾತ್ರದ ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ. ಒಂದೊಂದು ಹುದ್ದೆಗೂ ನೂರಾರು ಅರ್ಜಿಗಳು ಬರುತ್ತವೆ, ನಾವಿರುವುದು ಮೂವರು. ಅರ್ಜಿ ಪರಿಶೀಲನೆಯಿಂದ ಮೊದಲ ಸುತ್ತಿನ ಸಂದರ್ಶನದವರೆಗೆ ಎಲ್ಲವನ್ನೂ ಎಐ ತಂತ್ರಾಂಶಕ್ಕೆ ಒಪ್ಪಿಸೋಣ ಎನ್ನುತ್ತಿದೆ ಆಡಳಿತ ವರ್ಗ. ಅಭ್ಯರ್ಥಿಗಳ ಪಾಲಿಗೆ ನಾವು ಮುಖವಿಲ್ಲದ ಸಂಸ್ಥೆಯಾಗಿಬಿಡುತ್ತೇವೆಯೇ ಎಂಬ ಅಳುಕು ನನಗೆ. ಯಾವುದನ್ನು ಬಿಟ್ಟುಕೊಡಬಹುದು?

ಉತ್ತರ: ಅರ್ಜಿ ತಲುಪಿದೆ ಎಂದು ತಿಳಿಸುವುದು, ಸಂದರ್ಶನದ ಸಮಯ ಹೊಂದಿಸುವುದು, ದಾಖಲೆಗಳನ್ನು ಕೇಳಿ ನೆನಪಿಸುವುದು, ಇವನ್ನೆಲ್ಲ ನಿಶ್ಚಿಂತೆಯಿಂದ ಯಂತ್ರಕ್ಕೆ ಕೊಡಿ. ಈ ಕೆಲಸಗಳಲ್ಲಿ ತಡಮಾಡದಿರುವುದೇ ಅಭ್ಯರ್ಥಿಗೆ ತೋರುವ ಮರ್ಯಾದೆ.

ತೊಡಕಿರುವುದು ‘ಬೇಡ’ ಎನ್ನುವ ಹಂತದಲ್ಲಿ. ಇಂಥ ತಂತ್ರಾಂಶಗಳು ಹಿಂದಿನ ನೇಮಕಾತಿಗಳನ್ನು ನೋಡಿ ಕಲಿಯುತ್ತವೆ, ಅವುಗಳಲ್ಲಿದ್ದ ಪಕ್ಷಪಾತವನ್ನೂ ಕಲಿಯುತ್ತವೆ. ಅಮೆಜಾನ್ 2014ರಿಂದ ಇಂಥದೊಂದನ್ನು ಪ್ರಯೋಗಾರ್ಥವಾಗಿ ಕಟ್ಟುತ್ತಿತ್ತು. ಹತ್ತು ವರ್ಷಗಳ ಅರ್ಜಿಗಳನ್ನು ಅದಕ್ಕೆ ಉಣಿಸಲಾಯಿತು; ಹೆಚ್ಚಿನವು ಪುರುಷರವು. ‘ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ’ ಎಂಬಂಥ ಸಾಲಿದ್ದ ಅರ್ಜಿಗೆ ಅದು ಅಂಕ ತಗ್ಗಿಸತೊಡಗಿತು. ಹಾಗೆ ಮಾಡೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸರಿಪಡಿಸಿದರೂ ಭರವಸೆ ಮೂಡದೆ ಆ ಯೋಜನೆಯನ್ನೇ ಕೈಬಿಟ್ಟರು. ಸಂಗತಿ ಹೊರಜಗತ್ತಿಗೆ ತಿಳಿದದ್ದು 2018ರಲ್ಲಿ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಎಐ ಎಂದು ಕರೆಯಲೂ ಆಗದ ಸರಳ ನಿಯಮಗಳು. ‘ಉದ್ಯೋಗದಲ್ಲಿ ಆರು ತಿಂಗಳಿಗಿಂತ ಹೆಚ್ಚು ಬಿಡುವಿದ್ದರೆ ತೆಗೆದುಹಾಕು’ ಎಂಬ ಒಂದೇ ಸಾಲು ಸಾಕು: ಹೆರಿಗೆಯ ನಂತರ ಮರಳುತ್ತಿರುವವಳು, ಕಾಯಿಲೆಯಿಂದ ಚೇತರಿಸಿಕೊಂಡವನು, ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಂಡವರು, ಎಲ್ಲರೂ ಒಟ್ಟಿಗೆ ಹೊರಬೀಳುತ್ತಾರೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ 2021ರ ವರದಿಯಲ್ಲಿ ಇದನ್ನೇ ಎತ್ತಿ ತೋರಿಸಿದ್ದವು. ನಿಯಮ ಹಾಕಿದವರು ಮರೆತರೂ ನಿಯಮ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಆದ್ದರಿಂದ, ಯಾವ ಅರ್ಜಿಯನ್ನು ಮೊದಲು ಓದಬೇಕೆಂದು ಯಂತ್ರ ಸೂಚಿಸಲಿ. ತಿರಸ್ಕರಿಸುವುದು ಮನುಷ್ಯರೇ ಆಗಿರಲಿ. ಎಲ್ಲವನ್ನೂ ಓದಲು ಆಗದು ಎನ್ನುವಿರಾ? ಪ್ರತಿ ವಾರ ಯಂತ್ರದ ಪಟ್ಟಿಯಲ್ಲಿ ಕೊನೆಗೆ ಬಿದ್ದವುಗಳಿಂದ ಇಪ್ಪತ್ತು ಅರ್ಜಿಗಳನ್ನು ಕೈಗೆ ಬಂದಂತೆ ಆರಿಸಿ ಓದಿ. ಓದುವವರಿಗೆ ಯಂತ್ರ ಕೊಟ್ಟ ಅಂಕ ಕಾಣಕೂಡದು. ಅಂಕ ಕಣ್ಣಿಗೆ ಬಿದ್ದರೆ ನಾವು ಅರ್ಜಿಯನ್ನು ಓದುವುದಿಲ್ಲ, ಅಂಕಕ್ಕೆ ತಲೆಯಾಡಿಸುತ್ತೇವೆ. ಕರೆಯಬೇಕಾಗಿದ್ದ ಒಬ್ಬರು ಅಲ್ಲಿ ಸಿಕ್ಕರೂ ಅವರನ್ನು ಕರೆಯಿರಿ, ಯಾವ ನಿಯಮ ಅವರನ್ನು ಕೆಳಗೆ ತಳ್ಳಿತೆಂದು ಅದೇ ದಿನ ಹುಡುಕಿ ಬದಲಿಸಿ.

ವಿಡಿಯೊ ಸಂದರ್ಶನದಲ್ಲಿ ಮುಖಭಾವ ಅಳೆಯುವ ಸೌಲಭ್ಯವನ್ನು ಮಾರಲು ಬಂದರೆ ಒಪ್ಪಬೇಡಿ. ಹೈರ್‌ವ್ಯೂ ಎಂಬ ವಿಡಿಯೊ ಸಂದರ್ಶನ ತಂತ್ರಾಂಶದ ಕಂಪನಿಯೇ ಅದನ್ನು ಕೈಬಿಟ್ಟಿರುವುದಾಗಿ 2021ರಲ್ಲಿ ಹೇಳಿತು. ಕೆಲಸದ ವಾತಾವರಣದಲ್ಲಿ ಭಾವನೆ ಗುರುತಿಸುವ ಎಐ ಬಳಕೆಯನ್ನು ಐರೋಪ್ಯ ಒಕ್ಕೂಟ 2025ರ ಫೆಬ್ರುವರಿಯಿಂದ, ವೈದ್ಯಕೀಯ ಮತ್ತು ಸುರಕ್ಷತಾ ಕಾರಣಗಳನ್ನು ಬಿಟ್ಟು, ನಿಷೇಧಿಸಿದೆ. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈನಿಂದ, ನೇಮಕಾತಿ ತಂತ್ರಾಂಶಕ್ಕೆ ಪಕ್ಷಪಾತವಿದೆಯೇ ಎಂಬ ತಪಾಸಣೆಯೂ ಅಭ್ಯರ್ಥಿಗೆ ಮುಂಚಿತ ಸೂಚನೆಯೂ ಕಡ್ಡಾಯ. ನಿಮ್ಮಲ್ಲಿ ಅಂಥ ಕಾನೂನು ಇಲ್ಲದಿದ್ದರೂ ಮಾರಾಟಗಾರರಿಂದ ಆ ತಪಾಸಣೆಯ ವರದಿಯನ್ನು ಕೇಳಿ ಪಡೆಯಿರಿ. ಮೊದಲ ಸುತ್ತಿನಲ್ಲಿ ಮಾತನಾಡುವುದು ಯಂತ್ರವೆಂದು ಅಭ್ಯರ್ಥಿಗೆ ಮೊದಲೇ ತಿಳಿಸಿ, ಮನುಷ್ಯರೊಂದಿಗೇ ಮಾತನಾಡುವೆ ಎಂದವರಿಗೆ ಆ ದಾರಿಯನ್ನೂ ತೆರೆದಿಡಿ.

ಸಂದರ್ಶನಕ್ಕೆ ಬಂದು ಆಯ್ಕೆಯಾಗದವರಿಗೆ ಸಿದ್ಧ ಇಮೇಲ್ ಸಾಲದು. ಫೋನ್ ಮಾಡಿ ಕಾರಣ ಹೇಳಿ. ಅದಕ್ಕೆ ಸಮಯ ಬೇಕು, ಯಂತ್ರ ಉಳಿಸುವುದೂ ಸಮಯವನ್ನೇ. ವಾರಕ್ಕೆ ಎಷ್ಟು ಗಂಟೆ ಉಳಿಯುತ್ತದೆ, ಅದರಲ್ಲಿ ಎಷ್ಟು ಅಭ್ಯರ್ಥಿಗಳೊಂದಿಗಿನ ಮಾತುಕತೆಗೆ ಮೀಸಲು ಎಂಬುದನ್ನು, ತಂತ್ರಾಂಶದ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ, ಆಡಳಿತ ವರ್ಗದಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ.